ಅರ್ಧ ಬಾವಿಯ ಆಚೆ

ಮೊನ್ನೆ ಮೇಸ್ತ್ರಿ ಹೊಸ ನಾರಿನ ಹಗ್ಗ ತಂದು ನಮ್ಮ ಜಗಲಿಯಲ್ಲಿ ಹಾಕಿದ. ಮಳೆಹನಿ ಬಿದ್ದದ್ದೇ ಅದರಿಂದ ಹಳೆಯ ವಾಸನೆಯೊಂದು ಎದ್ದಿತು… ನೀರಿನ ಅಕ್ಕನ ಅಂಗೈಯ ವಾಸನೆ.

ಪಕ್ಕದ ಮುದುಕರ ಆಶ್ರಮಕ್ಕೂ ನಮ್ಮ ಮನೆಗೂ ಒಂದೇ ಬಾವಿ. ನಡುವಿನ ಗೋಡೆ ಬಾವಿಯ ದಂಡೆಗೆ ಬಂದು ನಿಲ್ಲುತ್ತದೆ, ಎದುರು ದಂಡೆಯಿಂದ ಮತ್ತೆ ಶುರುವಾಗುತ್ತದೆ. ಅರ್ಧ ಬಾವಿ ಅವರದು, ಅರ್ಧ ನಮ್ಮದು. ಅವರ ಕಡೆ ನೀರು ಸೇದುವ ಕೆಲಸದವಳನ್ನು ಎಲ್ಲರೂ ನೀರಿನ ಅಕ್ಕ ಎನ್ನುತ್ತಿದ್ದರು. ಉಳ್ಳಾಲದಿಂದ ಹೊಳೆ ದಾಟಿ ಬಂದು ಆಶ್ರಮದಲ್ಲೇ ಉಳಿದಿದ್ದಳು.

ನನ್ನನ್ನು ಸಾಕಿದ ಅಜ್ಜಿಗೆ ಕಣ್ಣು ಹೋಗಿತ್ತು, ಸೊಂಟವೂ ಮುರಿದಿತ್ತು. ಹಗಲೆಲ್ಲ ನಾನು ಶಾಲೆಯಲ್ಲಿ ಪಾಠ ಮಾಡುವವಳು. ಅವಳನ್ನು ಆಶ್ರಮದಲ್ಲಿ ಬಿಟ್ಟು ಸಂಜೆ ಸಂಜೆ ನೋಡಿ ಬರುತ್ತಿದ್ದೆ. ಹಿಂದಿನ ಮಹಾಯುದ್ಧ ಮುಗಿಯುವ ಹೊತ್ತಿಗೆ, ಹದಿನೆಂಟನೆಯ ಇಸವಿಯಲ್ಲಿ, ಮಂಗಳೂರಿಗೆ ಇನ್‌ಫ್ಲುಯೆಂಜಾ ಬಂತು. ಆಶ್ರಮದ ಗೇಟಿಗೆ ಬೀಗ ಬಿತ್ತು. ಅದು ತಪ್ಪೆಂದು ಇಂದೂ ಹೇಳಲಾರೆ. ಆದರೆ ಹೊರಗಿನ ಸಾವುಗಳನ್ನು ಒಳಗಿನವರಿಂದ ಮುಚ್ಚಿಡುತ್ತಿದ್ದರು, ಅದು ಅಜ್ಜಿಗೆ ಗೊತ್ತಿತ್ತು. ನಾನು ಬರುವುದು ನಿಂತದ್ದೇ, ನಾನೂ ಸತ್ತೆನೆಂದು ತೀರ್ಮಾನಿಸಿ ಗಂಜಿ ಬಿಟ್ಟಳು. ಯಾರ ಮಾತನ್ನೂ ನಂಬಲಿಲ್ಲ.

ನಾಲ್ಕನೆಯ ದಿನ ಅಕ್ಕ ಅವಳನ್ನು ಎತ್ತಿಕೊಂಡು ಬಂದು ಬಾವಿಯ ಬಳಿ ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಕರೆದಳು. ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಎರಡೂ ಕಡೆ ಕಲ್ಲಿಡಿಸಿದಳು, ಬಾಯಿಗೆ ಬಟ್ಟೆ ಕಟ್ಟಿಸಿದಳು.

“ಆ ಕಲ್ಲು ದಾಟಿದರೆ ನಾಳೆಯಿಂದ ಮಾತೂ ಇಲ್ಲ, ಎಂತದೂ ಇಲ್ಲ ಟೀಚರಮ್ಮ,” ಎಂದಳು.

ನಾನು ಅಜ್ಜಿಯನ್ನು ಕೂಗಿದೆ. ಅವಳು ಅಲುಗಲಿಲ್ಲ, ಯಾರನ್ನೋ ನಿಲ್ಲಿಸಿ ಕೂಗಿಸುತ್ತಿದ್ದೀರಿ ಎಂದಳು. ನನಗೆ ಅಳು ಬರುವ ಬದಲು ಪಿತ್ತ ನೆತ್ತಿಗೇರಿತು. ಉಣ್ಣದಿದ್ದರೆ ಈಗಲೇ ಬಾವಿಗೆ ಹಾರುತ್ತೇನೆ, ಆಮೇಲೆ ನಿಮಗೆ ಕುಡಿಯಲು ನೀರೂ ಇರುವುದಿಲ್ಲ ಎಂದು ಬಾಯಿಗೆ ಬಂದಂತೆ ಬೈದೆ.

“ಇವಳೇ,” ಎಂದಳು ಅಜ್ಜಿ. “ಇಷ್ಟು ಒರಟು ಬಾಯಿ ಬೇರೆ ಯಾರಿಗೆ ಉಂಟು? ಗಂಜಿ ತನ್ನಿ.”

ಮರುದಿನದಿಂದ ಬೇರೆ ಮನೆಯವರೂ ಆಶ್ರಮದಲ್ಲಿದ್ದ ತಮ್ಮವರನ್ನು ಕೂಗಿ ಮಾತಾಡಿಸಲು ನಮ್ಮ ಹಿತ್ತಿಲಿಗೆ ಬರತೊಡಗಿದರು, ಒಬ್ಬರಾದ ಮೇಲೆ ಒಬ್ಬರು. ವಿಷಯ ತಿಳಿದ ಆಶ್ರಮದ ಮೇಲ್ವಿಚಾರಕರು ಬಂದು, ಬಾವಿಯ ನಡುವೆ ಬಿದಿರಿನ ತಟ್ಟಿ ಕಟ್ಟಿಸುತ್ತೇನೆಂದು ಕೂಗಾಡಿದರು. ಅಕ್ಕ ಹಗ್ಗ ಬಿಡದೆ ಹೇಳಿದಳು:

“ಗೇಟು ಹಾಕಿ ಅಂದಿರಿ, ಹಾಕಿದ್ದೇವೆ. ಇಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಬಾವಿಯನ್ನೂ ಮುಚ್ಚುವುದಾದರೆ ನಾಳೆಯಿಂದ ನೀರು ನೀವೇ ಸೇದಿ ಧನಿಗಳೇ.”

ಮೂವತ್ತು ಜನರ ನೀರು ಅದು. ತಟ್ಟಿ ಬರಲಿಲ್ಲ.

ಅಜ್ಜಿ ಬದುಕಿದಳು. ಆ ಬಾವಿಕಟ್ಟೆಯಿಂದ ಒಬ್ಬರಿಗೂ ಜ್ವರ ಹತ್ತಲಿಲ್ಲ. ಹತ್ತಿದ್ದು ಉಳ್ಳಾಲದಲ್ಲಿದ್ದ ಅಕ್ಕನ ತಂಗಿಗೆ. ಆರೈಕೆಗೆಂದು ಹೋದ ಅಕ್ಕ ತಿರುಗಿ ಬರಲಿಲ್ಲ. ನನಗೆ ಸುದ್ದಿ ಮುಟ್ಟಿದಾಗ ಎಲ್ಲ ಮುಗಿದಿತ್ತು… ನಮಗೆಲ್ಲ ಕೂಗಿ ಮಾತಾಡಲು ದಾರಿ ಮಾಡಿದವಳನ್ನು ಹೊಳೆಯ ಈಚೆಯಿಂದ ಯಾರೂ ಕೂಗಲಿಲ್ಲ. ನಾನೂ ಕೂಗಲಿಲ್ಲ. 

ಮೊನ್ನೆ ಮೇಸ್ತ್ರಿ ಬಂದದ್ದು ಬಾವಿಯ ಮೇಲಿನ ತೆರಪಿಗೂ ಗೋಡೆ ಎಬ್ಬಿಸಲು. ಆಶ್ರಮದ ಹೊಸ ಯಜಮಾನರಿಗೆ ಅದು ಚಂದ ಕಾಣುವುದಿಲ್ಲವಂತೆ. ಅರ್ಧ ಬಾವಿ ನನ್ನದು, ಅದರ ಮೇಲೆ ಒಂದು ಕಲ್ಲೂ ಏಳಕೂಡದು ಎಂದು ಅವನನ್ನು ವಾಪಸು ಕಳಿಸಿದೆ. ಅಟ್ಟಣೆ ಕಟ್ಟಲು ತಂದಿದ್ದ ಹಗ್ಗವನ್ನು ಮಾತ್ರ ಬೆಲೆ ಕೊಟ್ಟು ಇರಿಸಿಕೊಂಡು ರಾಟೆಗೆ ಹಾಕಿದೆ.

ಇಂದು ಬೆಳಿಗ್ಗೆ ಮೊದಲ ಕೊಡ ಸೇದಿದ ಮೇಲೆ, ಆಚೆ ಕಡೆಗೆ ತಿರುಗಿ “ಅಕ್ಕಾ” ಎಂದು ಕೂಗಿದೆ. ಇಷ್ಟು ವರ್ಷಗಳ ಮೇಲೆ, ಮೊದಲ ಸಲ. ಗೋಡೆಯಾಚೆ ಯಾರೋ ಮುದುಕಿ ಓಗೊಟ್ಟಳು:

“ಎಂತ ಮಗಾ?”