ಎಣಿಕೆಗೆ ಸಿಗದ ಬರಿಗಾಲು

ಕಾವಲು ಮಾವನ ಅಂಗಾಲು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಒಂದೊಂದು ಬಿರುಕಿನಲ್ಲಿ ರಾಗಿಕಾಳು ಕೂರುವಷ್ಟು ಜಾಗ. ಆ ಪುಣ್ಯಾತ್ಮ ಹುಟ್ಟಿದಾರಭ್ಯ ಎಕ್ಕಡ ಮೆಟ್ಟಿದವರಲ್ಲ. ಆದರೆ ಭಾನುವಾರವಿಡೀ ಅವರ ಕಣ್ಣು ಇನ್ನೊಬ್ಬರ ಎಕ್ಕಡದ ಮೇಲೆಯೇ ಇರುತ್ತಿತ್ತು.

ಯುದ್ಧದ ಕಾಲ. ನೆಲಮಂಗಲದ ಕಡೆಯ ನಮ್ಮ ಹಳ್ಳಿಯ ಪಕ್ಕದ ಜಲಾಶಯಕ್ಕೆ ಅವರು ಕಾವಲುಗಾರರು, ಊರಿಗೆಲ್ಲ ಮಾವ. ಬೆಂಗಳೂರಿನಿಂದ ದೊಡ್ಡ ಮನುಷ್ಯರು ಮೋಟಾರಿನಲ್ಲಿ, ದಂಡಿನ ಸೋಲ್ಜರುಗಳು ಲಾರಿಯಲ್ಲಿ, ಸರ್ಕಾರದ ಅನುಮತಿ ಚೀಟಿ ಹಿಡಿದು ಈಜಾಡಲು ಬರುತ್ತಿದ್ದರು. ಬಂದವರೆಲ್ಲ ಒಂದು ಕಾಲಿನ ಎಕ್ಕಡವನ್ನೋ ಬೂಟನ್ನೋ ಗೇಟಿನ ಪಕ್ಕದ ಚಪ್ಪಡಿಯ ಮೇಲೆ ಬಿಟ್ಟು ಒಳಗೆ ಹೋಗಬೇಕು. ಇದು ಸರ್ಕಾರದ ಕಾನೂನಲ್ಲ, ಮಾವನ ಕಾನೂನು. "ಒಂಟಿ ಎಕ್ಕಡದಾಗೆ ಯಾವನೂ ಮನೆಗೆ ಓಗಾಕಿಲ್ಲ" ಎನ್ನುತ್ತಿದ್ದರು. ಸಂಜೆ ಚಪ್ಪಡಿ ಖಾಲಿಯಾದರೆ ನೀರಿನಲ್ಲಿ ಯಾರೂ ಉಳಿದಿಲ್ಲವೆಂದು ಅರ್ಥ. ಒಂದು ಉಳಿದರೂ ಗೇಟು ಹಾಕುತ್ತಿರಲಿಲ್ಲ. ಒಮ್ಮೆ ಕೆಂಪು ಮುಖದ ಸೋಲ್ಜರೊಬ್ಬ ಬೂಟು ಬಿಚ್ಚುವುದಿಲ್ಲವೆಂದು ಎಗರಾಡಿದ. ಮಾವ ಜಗಳಕ್ಕೆ ಹೋಗದೆ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ತಾವೇ ದಾರ ಬಿಚ್ಚತೊಡಗಿದರು. ಅವನು ತೆಪ್ಪಗೆ ಕಾಲು ಕೊಟ್ಟ.

ನಮ್ಮ ಹಳ್ಳಿಯವರಿಗೆ ಚೀಟಿ ಇರಲಿಲ್ಲ. ನಮ್ಮ ಗದ್ದೆಗಳು ಮುಳುಗಿದ್ದು ಅದೇ ನೀರಿನಲ್ಲಿ, ಆದರೂ ನಾವು ಅಲ್ಲಿ ಒಂದು ಬಟ್ಟೆ ಅದ್ದಿದರೆ ಅಪರಾಧ! ನೆನೆದರೆ ಈಗಲೂ ಮೈ ಉರಿಯುತ್ತದೆ. ಮಾವ ಮಾತ್ರ ಹಿಂಬದಿಯ ಹೊಂಗೆಮರಗಳ ಕಡೆ ಬೇಕೆಂದೇ ನೋಡುತ್ತಿರಲಿಲ್ಲ. ನಾವು ಹೆಂಗಸರು ಅಲ್ಲಿಂದ ಇಳಿದು ಬಟ್ಟೆ ಒಗೆಯುತ್ತಿದ್ದೆವು. ನಮ್ಮ ಯಾರ ಕಾಲಲ್ಲೂ ಎಕ್ಕಡವಿರಲಿಲ್ಲ. ಇದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಆ ಭಾನುವಾರ ನಾನೂ ಮಾವನ ಒಬ್ಬಳೇ ಮಗಳೂ ಬಟ್ಟೆಗೆ ಹೋಗಿದ್ದೆವು. ಇಬ್ಬರಿಗೂ ಹತ್ತೊಂಬತ್ತರ ಆಸುಪಾಸು. ಜಾಲಾಡುವಾಗ ದೊಡ್ಡಬಳ್ಳಾಪುರದ ನನ್ನ ಹೊಸ ಕೆಂಪು ಸೀರೆ ಕೈಜಾರಿತು. ಗಾಳಿ ಅದನ್ನು ನಡುನೀರಿಗೆ ತಳ್ಳುತ್ತಿತ್ತು. ನನಗೆ ಈಜು ಬರದು, ಅವಳಿಗೆ ನೀರೆಂದರೆ ಅಂಗಳ.

"ಅಳಬ್ಯಾಡ ಕಣೇ. ನಿಮ್ಮತ್ತೆ ಬಯ್ತಾರೆ, ಹಾಲು ಕರೆಯೋಕೆ ಓಡು. ನಾನು ತಂದ್ಕೊಡ್ತೀನಿ" ಎಂದು ನೀರಿಗಿಳಿದಳು. ನಾನು ಬಂದುಬಿಟ್ಟೆ.

ಗೇಟಿನ ಮುಂದೆ ಹಾದು ಹೋಗುವಾಗ ಮಾವ ಬೀಗ ಹಾಕುತ್ತಿದ್ದರು. "ಚಪ್ಪಡಿ ಖಾಲಿ ಕಣವ್ವಾ, ಎಲ್ಲಾ ಕ್ಷೇಮ" ಎಂದು ನಕ್ಕರು. ನಾನೂ ನಕ್ಕೆ. ಮಗಳು ಇನ್ನೂ ನೀರಿನಲ್ಲಿದ್ದಾಳೆಂದು ಹೇಳಬೇಕೆನಿಸಲೇ ಇಲ್ಲ. ಎಂಥ ಮಂಕು ಕವಿದಿತ್ತು ನನಗೆ!

ದೀಪ ಹಚ್ಚುವ ಹೊತ್ತಿಗೆ ಅವರು ಮಗಳನ್ನು ಕೇಳಿಕೊಂಡು ನಮ್ಮನೆಗೆ ಬಂದರು. ಅವಳು ಹಿಂಬದಿಗೆ ಹೋಗಿದ್ದಳೆಂದಷ್ಟೇ ಹೇಳಿದೆ. ನನ್ನ ಸುದ್ದಿ ನುಂಗಿಕೊಂಡೆ.

ಬೆಳಿಗ್ಗೆ ಅವಳನ್ನು ಮೇಲೆತ್ತಿದವರು ಮಾವನೇ. ಬೇರೆ ಯಾರನ್ನೂ ನೀರಿಗೆ ಇಳಿಯಗೊಡಲಿಲ್ಲ. ದಡದಲ್ಲಿದ್ದ ನಮಗೆ ಬಹಳ ಹೊತ್ತು ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಹೊತ್ತು ತಂದು ಮಲಗಿಸಿ, ಮಗಳ ಪಾದ ಹಿಡಿದುಕೊಂಡು, "ಬರಿಗಾಲು ನಾನು ಎಣಿಸ್ಲೇ ಇಲ್ವಲ್ಲಾ" ಎಂದರು. ಅಳಲಿಲ್ಲ.

ಚೀಟಿಯಿಲ್ಲದವಳು ಹೇಗೆ ಬಂದಳು, ಜೊತೆಗೆ ಯಾರಿದ್ದರು ಎಂದು ವಿಚಾರಣೆಗೆ ಬಂದ ಅಧಿಕಾರಿ ಗದರಿದರು.

"ನಾನೇ ಬಿಟ್ಟಿದ್ದೆ ಸ್ವಾಮಿ. ಒಬ್ಳೇ ಇದ್ಲು" ಎಂದರು ಮಾವ.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮಾವನ ಕೆಲಸ ಹೋಯಿತು, ಹಿಂಬದಿಗೆ ಮುಳ್ಳುತಂತಿ ಬಂತು. ಇನ್ನು ಬಟ್ಟೆಗೆ ಎಲ್ಲಿ ಹೋಗುವುದೆಂದು ಊರ ಹೆಂಗಸರು ಅವರನ್ನೇ ಶಪಿಸಿದರು. ಆಗಲೂ ನಾನು ಸುಮ್ಮನಿದ್ದೆ. ದಾರಿಯಲ್ಲಿ ಎದುರಾದರೆ ಅವರು ಮೊದಲಿನಂತೆಯೇ "ಉಂಡ್ಯಾ ಮಗಾ?" ಎನ್ನುತ್ತಿದ್ದರು.

ಐದಾರು ವರ್ಷದ ಮೇಲೆ ಅವರು ಹಾಸಿಗೆ ಹಿಡಿದರು. ಗಂಜಿ ಕೊಂಡೊಯ್ದವಳು ತಡೆಯಲಾಗದೆ ಹೇಳಿಬಿಟ್ಟೆ: "ಮಾವ, ಅವತ್ತು ನಾನೂ ಜೊತೆಗಿದ್ದೆ. ಅವಳು ನೀರಿಗಿಳಿದಿದ್ದು ನನ್ನ ಸೀರೆಗೆ."

"ಗೊತ್ತು ಕಣವ್ವಾ. ಕೈಯಾಗೇ ಹಿಡ್ಕೊಂಡಿದ್ಲು. ನೀರಾಗೇ ಬಿಡಿಸಿ ಕಲ್ಲಿನಡಿ ತುರುಕ್ದೆ. ಜನ ನೋಡಿದ್ರೆ ನಿನ್ನ ಬಾಳಾಕೆ ಬಿಡ್ತಿದ್ರಾ?"

ಸತ್ತ ಮಗಳನ್ನು ತೋಳಲ್ಲಿ ಹಿಡಿದಿದ್ದ ಆ ಗಳಿಗೆಯಲ್ಲಿ ಈ ಮನುಷ್ಯನಿಗೆ ನನ್ನ ಬಾಳು ನೆನಪಾಗಿತ್ತು! ಗಂಜಿಯ ಬಟ್ಟಲು ಅವರೇ ನನ್ನ ಕೈಯಿಂದ ಇಸಿದುಕೊಂಡರು.

ಆ ವಾರವೇ ಅವರು ಹೋದರು. ಕೊನೆಯ ಗುಟುಕು ನೀರು ಬಿಡಲು ತಮ್ಮನ ಮಕ್ಕಳು ಸುತ್ತ ನಿಂತಿದ್ದರೂ ಅವರು ಯಾರ ನೀರಿಗೂ ಬಾಯಿ ತೆರೆಯಲಿಲ್ಲ. ನನ್ನನ್ನು ಕರೆಸಿ, ನನ್ನ ಕೈಯ ನೀರಿಗೆ ಬಾಯಿ ತೆರೆದರು.