ಮೂರು ಸಲ ಕೂಗಿದರೆ

ಪುಂಜಾರಾಮ್ ತುಪೆ ತೀರಿಕೊಂಡ ಹದಿಮೂರನೆಯ ದಿನ ದೌಲತಾಬಾದ್ ಕೋಟೆಯ ಗೈಡುಗಳೆಲ್ಲ ಅವನ ಮನೆಯಂಗಳದಲ್ಲಿ ಸೇರಿದ್ದರು. ಮೊನ್ನೆ ಮೊನ್ನೆ ಮೀಸೆ ಬಂದ ಒಬ್ಬ ಗೈಡು ಎದ್ದು ನಿಂತು, "ಅಂಧಾರ್ಯಾಗಿನ ತಾಯಿ ಕತಿ ಆರುನೂರು ವರ್ಷದ್ದು. ಅದನ್ನ ತುಪೆ ಮಾಮಾ ಹೇಳಿದಂಗ ಯಾರೂ ಹೇಳಿಲ್ಲ, ಮುಂದ ಹೇಳೂದೂ ಇಲ್ಲ" ಎಂದು ಭಾಷಣ ಬಿಗಿದ. ಎಲ್ಲರೂ ತಲೆಯಾಡಿಸಿದರು. ನಾನು ನಾಲಿಗೆ ಕಚ್ಚಿಕೊಂಡು ಕುಳಿತೆ, ಊಟ ಮುಗಿಸಿ ಎದ್ದು ಬಂದೆ. ಸತ್ತವನ ಮನೆಯಲ್ಲಿ ಜಗಳ ತೆಗೆಯುವವನು ನಾನಲ್ಲ. ಆದರೆ ಆ ಕತೆಗೆ ಆರುನೂರು ವರ್ಷವಾಗಿಲ್ಲ. ಅದು ಹುಟ್ಟಿದ ದಿನ ನಾನು ಕೋಟೆಯ ಬಾಗಿಲಲ್ಲಿ ಬಸ್ಸಿನ ಟಯರು ಒದ್ದು ಗಾಳಿ ನೋಡುತ್ತ ನಿಂತಿದ್ದೆ.

ನಾನು ಸಾಂಡು ಗಾಯ್ಕೆ. ಬೆಳಿಗ್ಗೆ ಎಂಟಕ್ಕೆ ಔರಂಗಾಬಾದ್ ಬಿಟ್ಟು ದೌಲತಾಬಾದ್, ವೇರೂಳದ ಗುಹೆಗಳು, ಮಕ್ಬರಾದ ಗೋರಿ, ಪನ್‌ಚಕ್ಕಿಯ ನೀರಗಿರಣಿ ಎಲ್ಲ ತೋರಿಸಿ ಸಂಜೆಗೆ ತಂದು ಬಿಡುವ ಒಂದು ದಿನದ ಪ್ರವಾಸದ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದೆ. ಅಷ್ಟೂ ವರ್ಷ ನನ್ನ ಎಡಗಡೆ ಬಾಗಿಲ ಬಳಿ ನಿಂತು ಗಂಟಲು ಹರಿದುಕೊಂಡವನು ಪುಂಜಾರಾಮ್. ಒಣಕಲು ಆಳು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ. ಓದಿದ್ದು ನಾಲ್ಕನೇ ಇಯತ್ತೆ, ಮಾತು ಮಾತ್ರ ಪ್ರೊಫೆಸರನದು. ಹೊಸ ಮದುವೆಯ ಜೋಡಿ ಹಿಂದೆ ಉಳಿದರೆ, "ಏನ್ರೀ ಅಳಿಯಂದ್ರ, ಕಂಬ ಕಟ್ಟಿ ಸಾವಿರ ವರ್ಷ ಆತು, ನಿಮ್ಮ ಸಂಸಾರ ಇನ್ನೂ ಐವತ್ತು ವರ್ಷ ಐತಿ, ಸ್ವಲ್ಪ ಮುಂದ ಬರ್ರಿ" ಎನ್ನುವನು. ಮುದುಕಿಯರ ಚೀಲ ತಾನೇ ಹೊರುವನು. ನನಗೂ ಅವನಿಗೂ ದಿನಕ್ಕೆ ಎರಡು ಸಲ ಜಗಳ ಆಗುತ್ತಿತ್ತು. ಒಂದು, ಅವನು ತಡ ಮಾಡುತ್ತಾನೆಂದು ನಾನು ಹಾರ್ನ್ ಹೊಡೆದಾಗ. ಇನ್ನೊಂದು, ಯಾಕೆ ಹೊಡೆದೆ ಎಂದು ಅವನು ಕೇಳಿದಾಗ.

ಕೋಟೆಯ ಮೇಲೆ ಹೋಗಬೇಕಾದರೆ ಬಂಡೆ ಕೊರೆದು ಮಾಡಿದ ಒಂದು ಕತ್ತಲ ದಾರಿ ದಾಟಬೇಕು. ಅದೇ ಅಂಧಾರಿ. ಒಳಗೆ ತಿರುವುಗಳು, ಒಂದರ ಎತ್ತರ ಒಂದಕ್ಕಿಲ್ಲದ ಮೆಟ್ಟಿಲುಗಳು, ಮೂಗು ಬಿಡಲಾಗದಷ್ಟು ಬಾವಲಿಯ ನಾತ. ಗೈಡು ಮುಂದೆ ಪಂಜು ಹಿಡಿದು ನಡೆಯುವುದು, ಜನ ಹಿಂದಿನಿಂದ ಒಬ್ಬರ ಭುಜ ಒಬ್ಬರು ಹಿಡಿದು ನಡೆಯುವುದು ರೂಢಿ. ನಡುವೆ ಒಂದು ಕಡೆ ಎಲ್ಲರನ್ನೂ ನಿಲ್ಲಿಸಿ, ಪಂಜನ್ನು ಡಬ್ಬಿಯಲ್ಲಿ ಮುಚ್ಚಿ ಆರಿಸಿ, ಕತ್ತಲೆ ಅಂದರೆ ಏನು ಎಂದು ತೋರಿಸುವುದೂ ರೂಢಿ.

ಪುಂಜಾರಾಮ್ ಕೆಲಸಕ್ಕೆ ಸೇರಿದ ಮೊದಲ ದೀಪಾವಳಿ ರಜೆಯಲ್ಲಿ ಪಂಜು ಆರಿಸಿದವನಿಗೆ ಮತ್ತೆ ಹಚ್ಚಲು ಆಗಲಿಲ್ಲ. ಬೆವರಿಗೆ ಕಡ್ಡಿಪೆಟ್ಟಿಗೆ ತೊಯ್ದುಹೋಗಿತ್ತು. ನಲವತ್ತು ಜನ. ಒಬ್ಬಳ ಕೈಯಿಂದ ಮಗು ತಪ್ಪಿತು. ಅವಳು ಕಿರುಚಿದಳು, ಜನ ನುಗ್ಗತೊಡಗಿದರು. ಆಗ ಇವನು ಬಾಯಿಗೆ ಬಂದದ್ದು ಕೂಗಿದ: "ಯಾರೂ ಅಲುಗಾಡಬ್ಯಾಡ್ರಿ! ಇದು ತಾಯಿ ಜಾಗ! ಇಲ್ಲಿ ನಿಂತಲ್ಲೇ ನಿಂತು ಮೂರು ಸಲ ಹೆಸರು ಕೂಗಿದ್ರ ಕಳಕೊಂಡವರು ಸಿಗ್ತಾರ!" ಜನ ನಿಂತರು. ತಾಯಿ ಮೂರು ಸಲ ಕೂಗಿದಳು. ಮೂರನೆಯ ಕೂಗಿಗೆ ಅವಳ ಕಾಲ ಬುಡದಿಂದಲೇ ಮಗು ಅತ್ತಿತು.

ಹೊರಗೆ ಬಂದ ಮೇಲೆ ಜನ ಅವನ ಸುತ್ತ ಮುತ್ತಿಕೊಂಡು ಯಾವ ತಾಯಿ, ಏನು ಕತೆ ಎಂದು ಕೇಳಿದರು. ಅವನು ನಿಂತ ಕಾಲಲ್ಲಿ ಹೆಣೆದ. ಅಂಧಾರಿಯಲ್ಲಿ ಕಾವಲಿಗಿದ್ದ ಒಬ್ಬ ಸಿಪಾಯಿ ದಾರಿ ತಪ್ಪಿದನಂತೆ, ಅವನ ತಾಯಿ ಬಂದು ಮೂರು ಸಲ ಕೂಗಿದಳಂತೆ, ಮಗ ನಡೆದು ಬಂದನಂತೆ. ಚಹದ ಅಂಗಡಿಯಲ್ಲಿ ನನಗೆ ಹೇಳುವಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಸಾಂಡೂ, ಸತ್ತೇ ಹೋಗ್ತಿದ್ವಿ ಮಾರಾಯಾ. ಸುಳ್ಳು ಉಳಿಸ್ತು ನೋಡು." ನಾನೂ ನಕ್ಕೆ. ಅಂದು ಅದು ಒಳ್ಳೆಯ ಸುಳ್ಳೇ ಆಗಿತ್ತು.

ಆಮೇಲೆ ಅವನು ಅದನ್ನು ದಿನಾ ಹೇಳಿದ. ಜನ ಕೇಳಿ ಕಣ್ಣೊರೆಸಿಕೊಂಡರು, ಕೈ ತುಂಬ ಕೊಟ್ಟರು. ಉಳಿದ ಗೈಡುಗಳೂ ಹೇಳತೊಡಗಿದರು. ಐದಾರು ವರ್ಷಕ್ಕೆ ಕತೆ ಯಾರದೆಂದು ಯಾರಿಗೂ ನೆನಪಿರಲಿಲ್ಲ.

ಗಯಾಬಾಯಿ ಬಂದದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಗೇವರಾಯಿ ಕಡೆಯ ಒಂದು ಹಳ್ಳಿಯವಳು. ಮಗ ಭಾನುದಾಸ ಲಾರಿಯ ಕ್ಲೀನರ್ ಆಗಿ ಸುರತ್ತಿಗೆ ಹೋದವನು ತಿರುಗಿ ಬಂದಿರಲಿಲ್ಲ. ಲಾರಿ ಬಂತು, ಡ್ರೈವರ್ ಬಂದ, ಇವನಿಲ್ಲ. ಧಾಬಾದಲ್ಲಿ ಇಳಿದವನು ಹತ್ತಲಿಲ್ಲ ಎಂದರಂತೆ. ಮೊದಲ ವರ್ಷ ಊರ ಹೆಂಗಸರ ಜೊತೆ ಬಂದಳು, ಕತ್ತಲಲ್ಲಿ ಕತೆ ಕೇಳಿದಳು, ಮೂರು ಸಲ ಮಗನ ಹೆಸರು ಕೂಗಿದಳು. ಆ ಕೂಗು ಹೊರಗೆ ಬಸ್ಸಿನ ಬಳಿ ನಿಂತ ನನಗೆ ಕೇಳಿಸಿರಲಿಕ್ಕಿಲ್ಲ, ಆದರೂ ಕೇಳಿಸಿತು ಎಂದೇ ನನ್ನ ನೆನಪು.

ಅಂದಿನಿಂದ ಪ್ರತಿ ಮಾರ್ಗಶಿರದಲ್ಲಿ, ಮಗ ಹೋದ ತಿಥಿಗೆ, ಒಬ್ಬಳೇ ಬಂದು ನನ್ನ ಹಿಂದಿನ ಸೀಟಿನಲ್ಲಿ ಕೂರುವಳು. ಇಡೀ ದಿನದ ಟಿಕೆಟ್ಟು ತೆಗೆದರೂ ಅವಳು ನೋಡುತ್ತಿದ್ದುದು ಅಂಧಾರಿ ಒಂದೇ. ವೇರೂಳದಲ್ಲಿ ಇಳಿಯುತ್ತಲೇ ಇರಲಿಲ್ಲ. "ಆ ಕಲ್ಲಿನ ದೇವರಿಗೆ ನನ್ನ ಮಗ ಗೊತ್ತಿಲ್ಲ ಬಿಡಪಾ" ಎನ್ನುವಳು. ಪುಂಜಾರಾಮನಿಗೆಂದು ಹುರಿದ ಶೇಂಗಾದ ಗಂಟು ತರುವಳು. ಅವನು ಅದನ್ನು ಬಾಯಿಗಿಡುತ್ತಿರಲಿಲ್ಲ, ನನಗೆ ಕೊಡುವನು. ನಾನು ತಿನ್ನುತ್ತಿದ್ದೆ. ಹೇಳಿಬಿಡೋ ಎಂದು ಒಂದೆರಡು ಸಲ ನಾನೂ ಅಂದದ್ದುಂಟು. "ಏನಂತ ಹೇಳ್ಲಿ? ಆಕಿ ಉಸಿರೇ ಅದರ ಮ್ಯಾಲ ನಿಂತೈತಿ" ಎಂದು ಅವನು ಮುಖ ತಿರುಗಿಸುವನು. ನಾನೂ ಬಿಟ್ಟುಬಿಡುತ್ತಿದ್ದೆ. ಬಿಡುವುದು ಸುಲಭವಿತ್ತು.

ಏಳನೆಯ ವರ್ಷ ಅವಳ ಜೊತೆ ಸೊಸೆ ಬಂದಳು. ಚಂದ್ರಕಲಾ ಎಂದು ಹೆಸರು, ಇಪ್ಪತ್ತಾರಿಪ್ಪತ್ತೇಳು ಇರಬೇಕು. ಕೊರಳಲ್ಲಿ ಕರಿಮಣಿ, ಹಣೆಯಲ್ಲಿ ಕುಂಕುಮ. ದಾರಿಯುದ್ದಕ್ಕೂ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಕೋಟೆಯ ಬಾಗಿಲಲ್ಲಿ ಅತ್ತೆ ನಲ್ಲಿಯ ಕಡೆ ಕಾಲು ತೊಳೆಯಲು ಹೋದಾಗ, ಅವಳು ನೇರ ನಮ್ಮಿಬ್ಬರ ಎದುರು ಬಂದು ನಿಂತಳು.

"ತುಪೆ ಮಾಮಾ, ಒಂದು ಮಾತು ಕೇಳ್ಲಿ?"

"ಕೇಳವ್ವಾ."

"ಮೂರು ಸಲ ಕೂಗಿದ್ರ ಬರ್ತಾರ ಅಂತೀರಲ್ಲ, ಅದು ಖರೇ ಏನು?"

ಪುಂಜಾರಾಮ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಶೇವಗಾಂವದಾಗ ಒಬ್ರು ಕೇಳ್ಯಾರ," ಎಂದಳು ಅವಳು. "ಹಿಟ್ಟಿನ ಗಿರಣಿ ಐತಿ. ಹೆಂಡ್ತಿ ತೀರಿಕೊಂಡಾಳ, ನಾಕು ವರ್ಷದ ಮಗಳು ಅದಾಳ. ಏಳು ವರ್ಷ ಸುದ್ದಿ ಇಲ್ಲಂದ್ರ ಕೋರ್ಟಿನಾಗ ಬಿಡುಗಡಿ ಸಿಗ್ತದಂತ ನಮ್ಮಣ್ಣ ವಕೀಲರನ್ನ ಕೇಳಿ ಬಂದಾನ. ಅತ್ತಿ ಹೆಬ್ಬಟ್ಟು ಒತ್ತಬೇಕು. ಒತ್ತೂದಿಲ್ಲ ಅಂತಾರ. ಈ ಸಲ ಕೂಗ್ತೀನಿ, ಬಂದೇ ಬರ್ತಾನ ಅಂತಾರ. ಹೋಳಿ ತನಕ ಕಾಯ್ತೀವಿ, ಅದರ ಮ್ಯಾಲ ಆಗೂದಿಲ್ಲ ಅಂತ ಅವರು ಹೇಳಿ ಕಳಿಸ್ಯಾರ." ಅವಳ ದನಿ ನಡುಗಲಿಲ್ಲ. "ಖರೇ ಇದ್ರ ಹೇಳ್ರಿ ಮಾಮಾ, ನಾನೂ ಕಾಯ್ತೀನಿ. ಸುಳ್ಳಿದ್ರ ಅವರಿಗೆ ಹೇಳ್ರಿ. ನಾ ಹೇಳಿದ್ರ ಸೊಸಿಗೆ ಹೊಸ ಗಂಡನ ಮ್ಯಾಲ ಆಸೆ ಅಂತ ಆಗ್ತದ."

ಗಯಾಬಾಯಿ ಕಾಲು ತೊಳೆದು ಬಂದಳು. ಪುಂಜಾರಾಮ್ ಪಂಜು ಎತ್ತಿಕೊಂಡ. ಇಪ್ಪತ್ತು ವರ್ಷದಲ್ಲಿ ಆ ಮೆಟ್ಟಿಲು ಹತ್ತದ ನಾನು ಅಂದು ಬಸ್ಸಿಗೆ ಬೀಗ ಹಾಕಿ ಅವರ ಹಿಂದೆ ನಡೆದೆ. ಯಾಕೆ ಹೋದೆನೆಂದರೆ, ಅವನು ಹೇಳದೆ ಬಂದುಬಿಟ್ಟರೆ ನಾನಾದರೂ ಹೇಳಬೇಕು ಎಂದು. ಹೇಳುತ್ತಿದ್ದೆನೋ ಇಲ್ಲವೋ, ಈಗ ಎದೆ ತಟ್ಟಿ ಹೇಳಲಾರೆ.

ನಡುವಿನ ಜಾಗದಲ್ಲಿ ಎಲ್ಲರನ್ನೂ ನಿಲ್ಲಿಸಿ ಪಂಜು ಆರಿಸಿದ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಕತೆ ಶುರುವಾಗಬೇಕಾದ ಹೊತ್ತು ದಾಟಿತು. ಯಾರೋ ಕೆಮ್ಮಿದರು. ಕೊನೆಗೆ ಗಯಾಬಾಯಿಯೇ, "ಹೇಳಪಾ ತಮ್ಮಾ, ಯಾಕ ನಿಂತಿ?" ಎಂದಳು.

"ಆಯಿ," ಎಂದ ಪುಂಜಾರಾಮ್. "ಇಲ್ಲಿ ಯಾವ ತಾಯಿನೂ ಬಂದಿಲ್ಲ. ಯಾವ ಸಿಪಾಯಿನೂ ಸಿಕ್ಕಿಲ್ಲ. ಆ ಕತಿ ನಾನು ಕಟ್ಟಿದ್ದು. ಒಂದಿನ ಜನ ಹೆದರಿದಾಗ ಬಾಯಿಗೆ ಬಂದದ್ದು ಹೇಳಿದ್ದೆ. ಆಮ್ಯಾಲ ರೊಕ್ಕ ಸಿಗ್ತದಂತ ಹೇಳಿದೆ. ಕೂಗಿದ್ರ ಯಾರೂ ಬರೂದಿಲ್ಲ."

ಹಿಂದೆ ಯಾರೋ ಇದೂ ಆಟದ ಭಾಗವೆಂದು ತಿಳಿದು ನಕ್ಕರು. ಒಬ್ಬರೇ ನಕ್ಕದ್ದರಿಂದ ಬೇಗ ನಿಂತಿತು.

"ಬೆಳಕ ಹಚ್ಚು," ಎಂದಳು ಗಯಾಬಾಯಿ.

ಹಚ್ಚಿದ. ಅವಳು ಪಂಜಿನ ಬೆಳಕಲ್ಲಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಪ್ರತಿ ಸಲ ನನ್ನ ಮುಂದ ಪಂಜು ಹಿಡ್ಕೊಂಡು ನಿಂತಿದ್ದಿ," ಎಂದಳು.

"ಹೌದು ಆಯಿ."

"ಇದು ಮತ್ಯಾರಿಗೆ ಗೊತ್ತಿತ್ತು?"

"ನನಗ ಗೊತ್ತಿತ್ತು" ಎಂದು ನಾನೇ ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು. "ನೀನು ನನ್ನ ಮುಂದಿನ ಸೀಟಿನ್ಯಾಗ ಕೂತು ಬಸ್ಸು ಹೊಡದಿ, ದಿನಪೂರ್ತಿ. ಬೆನ್ನು ತಿರುಗಿಸಿ ಕೂತವಗ ಹೇಳೂದು ಕಷ್ಟ ಆಗ್ತದೇನಪಾ?" ಎಂದಳು.

ಅಂದು ಅವಳು ಮಗನ ಹೆಸರು ಕೂಗಲಿಲ್ಲ. ಸೊಸೆಯ ಭುಜ ಹಿಡಿದು ಮೆಟ್ಟಿಲಿಳಿದಳು. ವೇರೂಳದಲ್ಲಿ ಬಸ್ಸಿನಲ್ಲೇ ಕುಳಿತಳು, ಮಕ್ಬರಾದಲ್ಲೂ. ಚಂದ್ರಕಲಾ ಜೋಳದ ಭಾಕರಿಯ ಗಂಟು ಬಿಚ್ಚಿದರೆ ಕೈಯಿಂದ ಸರಿಸಿದಳು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದುಹೋದ ಮೇಲೆ, ಕೋಟೆ ಬಿಟ್ಟ ಮೇಲೆ ಮೊದಲ ಬಾರಿಗೆ ಸೊಸೆಯೊಡನೆ ಮಾತಾಡಿದಳು.

"ನಿಮ್ಮಣ್ಣಗ ಹೇಳು, ಕಾಗದ ತರಲಿ. ಹೆಬ್ಬಟ್ಟು ಒತ್ತತೀನಿ. ಸತ್ತಾನ ಅಂತ ಮಾತ್ರ ನನ್ನ ಬಾಯಿಲೆ ಹೇಳಸಬ್ಯಾಡ್ರಿ. ಏಳು ವರ್ಷಾತು, ಸುದ್ದಿ ಬಂದಿಲ್ಲ ಅಂತ ಹೇಳ್ತೀನಿ. ಅದು ಖರೇ ಐತಿ."

ಚಂದ್ರಕಲಾ ಅಲ್ಲೇ, ಬಸ್ಸಿನ ಮೆಟ್ಟಿಲ ಮೇಲೆ ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತೆ ಅವಳ ತಲೆ ಸವರುತ್ತ ನಿಂತಿದ್ದಳು. ನಾವಿಬ್ಬರು ಗಂಡಸರು ಬಸ್ಸಿನ ಹಿಂದೆ ಹೋಗಿ ನಿಂತೆವು.

ಮರುದಿನದಿಂದ ಪುಂಜಾರಾಮ್ ಕತ್ತಲಲ್ಲಿ ಕತೆ ಹೇಳುವುದನ್ನು ಬಿಟ್ಟ. ಕೇಳಿದವರಿಗೆ, "ಅದು ಸುಳ್ಳು, ನಾನೇ ಕಟ್ಟಿದ್ದು" ಎನ್ನುವನು. ಜನಕ್ಕೆ ಸಿಟ್ಟು ಬರುತ್ತಿತ್ತು. ದುಡ್ಡು ಕೊಟ್ಟು ಬಂದವರಿಗೆ ಕತೆ ಬೇಕು. ಉಳಿದ ಗೈಡುಗಳು ಗೇಲಿ ಮಾಡಿದರು. "ಮುದುಕಗ ಅರಳುಮರಳು. ಪುರಾಣದ ಕತಿ ತನ್ನದಂತ!" ಎಂದು ಅವನ ಎದುರೇ ತಮ್ಮ ಗುಂಪಿಗೆ ಅದೇ ಕತೆ ಹೇಳುವರು. ಅವನು ಹುಟ್ಟಿಸಿದ ಸುಳ್ಳನ್ನು ಕೊಲ್ಲುವ ಶಕ್ತಿ ಅವನಿಗೇ ಇರಲಿಲ್ಲ. ನೋಡಿ ನನಗೆ ಅಯ್ಯೋ ಅನಿಸುತ್ತಿತ್ತು. ಅವನು ಮಾತ್ರ, "ಇಷ್ಟರೆ ಶಿಕ್ಷಾ ಆಗಲಿ ನನಗ" ಎಂದು ಸುಮ್ಮನಾಗುವನು.

ಮುಂದಿನ ಮಾರ್ಗಶಿರದ ಅದೇ ತಿಥಿಗೆ ಗಯಾಬಾಯಿ ಬಸ್ಸು ಹತ್ತಿದಳು. ಒಬ್ಬಳೇ. ಪುಂಜಾರಾಮನ ಕೈಯಲ್ಲಿದ್ದ ಟಿಕೆಟ್ಟಿನ ಕಟ್ಟು ಕೆಳಗೆ ಬಿತ್ತು.

"ಆಯಿ, ಮತ್ತ್ಯಾಕ ಬಂದ್ರಿ?"

"ಚಂದ್ರಕಲಾಗ ಮದುವಿ ಆತು. ಆ ಗಿರಣಿಯವನ ಮಗಳು ಆಕಿನ್ನ ಅವ್ವಾ ಅಂತ ಕರೀತದ. ಈಗ ಆಕಿಗೂ ಬಸರು, ಐದು ತಿಂಗಳು." ಹೇಳುವಾಗ ಅವಳ ಮುಖ ಅರಳಿತ್ತು. "ನಡಿ, ಒಳಗ ಕರ್ಕೊಂಡು ಹೋಗು. ನಂದೊಂದು ಕೆಲಸ ಐತಿ."

"ಆ ಕತಿ ಸುಳ್ಳಂತ ಹೇಳೀನಲ್ಲ ಆಯಿ."

"ಹೇಳೀದಿ. ನನಗೂ ಗೊತ್ತೈತಿ." ಅವಳು ಸೀಟಿನ ಕಂಬಿ ಹಿಡಿದುಕೊಂಡಳು. "ಆದ್ರ ಒಂದಲ್ಲ ಎರಡಲ್ಲ, ಆರು ವರ್ಷ ಇಲ್ಲಿ ನಿಂತು ಕರದೀನಿ. ಎಲ್ಲಿಂದರೆ ಕೇಳಿ ಅವ ಹೊರಟಿದ್ರ?"

ನಾನೂ ಜೊತೆಗೆ ಹೋದೆ. ಉಳಿದ ಪ್ರವಾಸಿಗರನ್ನು ಇನ್ನೊಬ್ಬ ಗೈಡಿನ ಪಂಜಿನ ಹಿಂದೆ ಮುಂದೆ ಕಳಿಸಿ, ನಾವು ಮೂವರೇ ಆ ಜಾಗದಲ್ಲಿ ನಿಂತೆವು. ಪಂಜು ಆರಿಸು ಎಂದಳು. ಆರಿಸಿದ.

"ಭಾನ್ಯಾ," ಎಂದು ಕೂಗಿದಳು. "ಬರಬ್ಯಾಡೋ ನನ್ನಪ್ಪಾ. ಆಕಿ ಸಂಸಾರ ಹೂಡ್ಯಾಳ. ಎಲ್ಲಿದ್ದೀಯೋ ಅಲ್ಲೇ ಇರು. ಬರಬ್ಯಾಡ."

ಎರಡನೆಯ ಸಲ ದನಿ ಒಡೆಯಿತು. ಮೂರನೆಯ ಸಲ ಬರೀ "ಬರಬ್ಯಾಡ" ಎಂದಳು. ಬಾವಲಿಗಳು ಸದ್ದು ಮಾಡಿ ಸುಮ್ಮನಾದವು.

"ತಮ್ಮಾ," ಎಂದಳು ಆಮೇಲೆ, ಕತ್ತಲಲ್ಲೇ. "ಅವಗ ಕೇಳಿಸ್ತೇನು?"

ಒಂದು ವರ್ಷದಿಂದ ಆ ಜಾಗದಲ್ಲಿ ಒಂದೇ ಒಂದು ಸುಳ್ಳು ಹೇಳದ ಪುಂಜಾರಾಮ್, "ಕೇಳಿಸ್ತು ಆಯಿ" ಎಂದ.