ಮೀಸಲು ಗಡಿಗೆಗೆ ಹಾಕಿದ ಸುಂಕ

ಎರಡನೆಯ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮೊದಲು ನಾನು ಮಧುಗಿರಿ ಸಂತೆಯ ಬಾಗಿಲಲ್ಲಿ ಸುಂಕ ಎತ್ತುವ ಕೆಲಸಕ್ಕೆ ಸೇರಿದೆ. ಓದಿದ್ದು ಮೂರನೆಯ ಕ್ಲಾಸು. ಚೀಟಿ ಬರೆಯುವಷ್ಟು ಅಕ್ಷರ ಬರುತ್ತಿತ್ತು. ಸುಂಕವನ್ನು ಹರಾಜಿನಲ್ಲಿ ಹಿಡಿದಿದ್ದ ಗುತ್ತಿಗೆದಾರನೇ ನನ್ನ ಧಣಿ.

ಬೆಣ್ಣೆಯ ಸುಂಕ ತೂಕದ ಮೇಲಲ್ಲ, ಗಡಿಗೆಯ ಮೇಲೆ. ವ್ಯಾಪಾರಿಯ ಹಂಡೆಗೂ ಅಷ್ಟೇ, ಒಂದೆಮ್ಮೆ ಸಾಕಿದವಳ ಕುಡಿಕೆಗೂ ಅಷ್ಟೇ. ಮಾರುವ ಮೊದಲು ಹೆಂಗಸರ ಕೈಯಲ್ಲಿ ಕಾಸಿರುವುದಿಲ್ಲ. ಹಾಗಾಗಿ ಗಡಿಗೆಗೊಂದು ನಿಂಬೆಹಣ್ಣಿನ ಗಾತ್ರದ ಬೆಣ್ಣೆ ತೆಗೆದುಕೊಳ್ಳುತ್ತಿದ್ದೆವು.

ನನ್ನ ಅಕ್ಕ ಮುದ್ದಮ್ಮನನ್ನು ದೊಡ್ಡೇರಿ ಕಡೆಯ ಹಳ್ಳಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆಯ ಹಾಲಿನಲ್ಲೇ ಅವಳ ಮನೆ ನಡೆಯಬೇಕಿತ್ತು. ಅವಳ ಕುಡಿಕೆಯನ್ನು ಎರಡು ಸಲ ಸುಂಕವಿಲ್ಲದೆ ಬಿಟ್ಟದ್ದು ಧಣಿಗೆ ತಿಳಿಯಿತು. "ಇನ್ನೊಂದ್ಸಲ ನೆಂಟಸ್ತನ ನಡೆಸ್ದೆ ಅಂದ್ರೆ ಮನೇಲೇ ಇದ್ಬುಡು" ಎಂದ. ನನಗೆ ಬೇರೆ ಕೆಲಸ ಯಾರು ಕೊಡುತ್ತಿದ್ದರು?

ಆ ವರ್ಷ ಅಕ್ಕನ ಎಮ್ಮೆ ಈದಿತ್ತು. ನಮ್ಮಲ್ಲಿ ಎಮ್ಮೆ ಈದ ಮೇಲೆ ಮೊದಲ ಗಡಿಗೆ ಬೆಣ್ಣೆ ದೇವರಿಗೆ ಮೀಸಲು. ಅದನ್ನು ಯಾರೂ ಮುಟ್ಟುವಂತಿಲ್ಲ. ಒಪ್ಪಿಸುವ ತನಕ ಆ ಎಮ್ಮೆಯ ಹಾಲು, ಬೆಣ್ಣೆ ಮಾರುವಂತೆಯೂ ಇಲ್ಲ. ಗುಡಿಗೆ ಸಂತೆಯ ಬಾಗಿಲು ದಾಟಿಯೇ ಹೋಗಬೇಕಿತ್ತು. ಮೊದಲು ಒಪ್ಪಿಸಿ ಆಮೇಲೆ ಮಾರೋಣವೆಂದು ಅಕ್ಕ ಬಂದಳು. ಬಾಯಿಗೆ ಬಟ್ಟೆ ಕಟ್ಟಿದ ಮೀಸಲು ಗಡಿಗೆ ತಲೆಯ ಮೇಲೆ, ಮಾರುವ ಕುಡಿಕೆ ಕಂಕುಳಲ್ಲಿ. ಅಂದು ಧಣಿ ನನ್ನ ಪಕ್ಕದಲ್ಲೇ ಕುಳಿತಿದ್ದ.

"ಎರಡು ಗಡಿಗೆ" ಎಂದ.

"ಇದು ಮೀಸಲು ಕಣಪ್ಪ, ಮಾರಾಕಲ್ಲ. ನಿಮ್ಮೋನ್ನೇ ಕೇಳು" ಎಂದಳು ಅಕ್ಕ.

"ಸಂತೆ ದಿನ ಎಲ್ಲಾರ ಬೆಣ್ಣೇನೂ ದೇವ್ರದೇ ಕಣಮ್ಮ! ಪಾಪ, ದೇವ್ರಿಗೆ ಅಜೀರ್ಣ ಆಗೋಗೈತೆ!"

ಹಿಂದಿದ್ದವರು ನಕ್ಕರು. ದೇವರ ಹೆಸರು ಹೇಳಿ ಸುಂಕ ತಪ್ಪಿಸುವವರು ಇದ್ದದ್ದು ನಿಜ. ಆದರೆ ಅವಳ ದೇವರೇ ನನ್ನ ದೇವರು; ಅದು ಮೀಸಲೆಂದು ನನಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ನನ್ನ ಜೇಬಿನಿಂದಲೇ ಕಾಸು ಹಾಕಬಹುದಿತ್ತು. ಧಣಿ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಟ್ಟೆ ಬಿಚ್ಚಿ ಕೈ ಹಾಕಿದೆ.

ಅಕ್ಕ ಕೂಗಾಡಲಿಲ್ಲ. "ಬ್ಯಾರೆಯೋನಾಗಿದ್ರೆ ತಿಳೀದೆ ಮಾಡ್ದ ಅಂತಿದ್ದೆ. ನಿಂಗೆ ಗೊತ್ತಿತ್ತಲ್ಲೋ ರಂಗ" ಎಂದು ಎರಡನ್ನೂ ಹೊತ್ತು ಹಿಂದಿರುಗಿದಳು.

ಮೀಸಲು ಮತ್ತೆ ಮೊದಲಿನಿಂದ ಕೂಡಿಡಬೇಕಾಯಿತು. ಅಲ್ಲಿಯವರೆಗೆ ಮಾರಾಟವಿಲ್ಲ. ಮಾರಾಟವಿಲ್ಲದೆ ಹಿಂಡಿಯಿಲ್ಲ, ಹಿಂಡಿಯಿಲ್ಲದೆ ಹಾಲು ಇಳಿಯಿತು. ಗಡಿಗೆ ತುಂಬಲೇ ಇಲ್ಲ. ಎರಡು ತಿಂಗಳಿಗೆ ಅಕ್ಕ ಎಮ್ಮೆಯನ್ನೇ ಸಂತೆಗೆ ಹೊಡೆದುಕೊಂಡು ಬಂದಳು. ದನ ಮಾರಿದರೂ ಸುಂಕವಿತ್ತು. ಚೀಟಿ ಬರೆಯುವವನು ನಾನೇ.

"ಕರೂನೂ ಸೇರ್ಸಿ ಬರಿಯಪ್ಪ. ಇಲ್ದಿದ್ರೆ ನಿಮ್ ಧಣಿ ಬಯ್ದಾನು" ಎಂದಳು.

ಸೇರಿಸಿಯೇ ಬರೆದೆ.

ಆಮೇಲೂ ಬಹಳ ವರ್ಷ ಅದೇ ಬಾಗಿಲಲ್ಲಿ ನಿಂತೆ. ಹರಾಜು ಹಿಡಿದವನಿಗೆ ತಿಳಿಯದ್ದು ಬಾಗಿಲಲ್ಲಿ ನಿಂತವನಿಗೆ ತಿಳಿದಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದೂ ಅವನ ಕೆಲಸವೇ ಎಂಬುದನ್ನು ನಾನು ತಡವಾಗಿ ಕಲಿತೆ. ಅಕ್ಕ ಕೊನೆಯವರೆಗೂ ನನ್ನ ಮನೆಗೆ ಬಂದು ಹೋಗುತ್ತಿದ್ದಳು. ನಮ್ಮ ಮನೆಯ ಮಜ್ಜಿಗೆ ಮಾತ್ರ ಕುಡಿಯಲಿಲ್ಲ.